ಬೂದಿ ಕಾಣದ ಭಟ್ಟಿ

ಚಂಡಮಾರುತ ಬರುವ ಮೊದಲೇ ರೇಡಿಯೊದವರು ಅದಕ್ಕೊಂದು ಹೆಸರಿಟ್ಟರು. ಅದೂ ಹುಡುಗಿಯ ಹೆಸರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಭಟ್ಟಿಯಮ್ಮ ಬೇಕಾದಷ್ಟು ಕಂಡಿದ್ದಳು, ಗಾಳಿಗೆ ಹೆಸರಿಡುವ ಬುದ್ಧಿವಂತರನ್ನು ಮಾತ್ರ ಕಂಡಿರಲಿಲ್ಲ. "ಬಾ, ನಿನ್ನಂಥವು ಎಷ್ಟು ಬಂದು ಹೋದವು," ಎಂದು ಕಿಟಕಿಯ ಕಡೆ ಮೂಗು ಮುರಿದು, ಮಾರನೆಯ ದಿನದ ಬ್ರೆಡ್ಡಿಗೆ ಹಿಟ್ಟು ಜರಡಿ ಹಿಡಿಯಲು ಕೂತಳು.

ಗಾಳಿ ಬಂತು. ಅಂಗಡಿ ಮುಂದಿನ ಚಪ್ಪರದ ತಗಡನ್ನು ಕಿತ್ತುಕೊಂಡು ಹೋಯಿತು. ಅದರ ಹಿಂದೆಯೇ ನೀರು ಬಂತು. ಗಾಳಿಯದಾದರೂ ಒಂದು ದಿನದ ರಂಪ, ನೀರು ಕರೆಯದೆ ಬಂದ ನೆಂಟನ ಹಾಗೆ ಬೀದಿಯಲ್ಲಿ ಕಾಲು ಚಾಚಿ ಮಲಗಿಬಿಟ್ಟಿತು. ಮನೆಯವರು ಮಹಡಿಯ ಎರಡು ಕೋಣೆಗಳಲ್ಲಿ ಮುದುರಿ ಕೂತು, ಕೆಳಗೆ ತಮ್ಮ ಬೇಕರಿಯ ಅಚ್ಚುಗಳು, ಡಬ್ಬಗಳು, ಬೆಂಚುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು ಕೇಳಿದರು. ಹಿಟ್ಟು ನಾದುವ ಮರದ ತೊಟ್ಟಿ ಬಾಗಿಲು ತಳ್ಳಿಕೊಂಡು ಹೊರಗೆ ತೇಲಿ, ಎದುರುಮನೆ ದರ್ಜಿಯ ಗೇಟಿಗೆ ಸಿಕ್ಕಿಕೊಂಡಿತು. ಕೊನೆಗೆ ನೀರು ಇಳಿದಾಗ ಗೋಡೆಗಳ ಮೇಲೆ ಎದೆಮಟ್ಟಕ್ಕೆ ಒಂದು ಕಂದು ಗೆರೆ ಉಳಿಯಿತು. ಹಿಟ್ಟಿನ ಮೂಟೆಗಳು ಹೊರಗೆ ಕಲ್ಲಾಗಿದ್ದವು, ಒಳಗೆ ಹುಳಿತು ನಾರುವ ಅಂಟಾಗಿದ್ದವು.

ಬೀದಿಯವರು ಅವಳನ್ನು ಭಟ್ಟಿಯಮ್ಮ ಎಂದು ಕರೆಯುತ್ತಿದ್ದದ್ದು ಅವಳು ಬೇಕರಿಯ ಭಟ್ಟಿಗೆ ಒಡತಿ ಎಂಬ ಕಾರಣಕ್ಕೋ, ಹತ್ತಿರ ಹೋದವರನ್ನೆಲ್ಲ ಸುಡುತ್ತಾಳೆಂಬ ಕಾರಣಕ್ಕೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬ್ರೆಡ್ಡು ಸುಡುವ ಆ ಇಟ್ಟಿಗೆಯ ಭಟ್ಟಿಯನ್ನು, ಮಗ ತೊಟ್ಟಿಲಲ್ಲಿದ್ದಾಗ, ಅವಳ ಗಂಡ ತನ್ನ ಕೈಯಾರೆ ಕಟ್ಟಿದ್ದ. ಮೇಲೆ ಆಮೆಯ ಬೆನ್ನಿನಂಥ ಕಮಾನು, ಮುಂದೆ ಅಗಲವಾದ ಬಾಯಿ. ಗಂಡ ಹೋದ, ಭಟ್ಟಿ ಉಳಿಯಿತು. "ಅವರಿಬ್ಬರಲ್ಲಿ ನನ್ನ ಮಾತು ಕೇಳ್ತಿದ್ದದ್ದು ಭಟ್ಟಿ ಒಂದೇ," ಎಂದು ಅವಳು ಹೇಳುವುದಿತ್ತು.

ಆ ಭಟ್ಟಿ ಈಗ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಕೂತಿತ್ತು. ನೆನೆದ ಭಟ್ಟಿಯನ್ನು ಹೇಗೆ ಒಣಗಿಸಬೇಕೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ದಿನಕ್ಕೊಂದು ಸಣ್ಣ ಬೆಂಕಿ, ಒಂದು ಮಡಿಲು ಸೌದೆ, ಅದಾದ ಮೇಲೆ ಅದರ ಪಾಡಿಗೆ ಬಿಡಬೇಕು. ಆತುರಪಟ್ಟು ಕಾವು ಏರಿಸಿದರೆ ಇಟ್ಟಿಗೆಯೊಳಗಿನ ನೀರು ಆವಿಯಾಗಿ, ದಾರಿ ಸಿಗದೆ, ಒಡೆದುಕೊಂಡು ಹೊರಬರುತ್ತದೆ. "ಇಟ್ಟಿಗೆ ಒಂದೇ ಗುಟುಕಿಗೆ ಕುಡಿಯುತ್ತೆ, ಕಕ್ಕೋದು ಮಾತ್ರ ತೊಟ್ಟುತೊಟ್ಟಾಗಿ," ಎಂದು ಕಟ್ಟಿದವನು ಹೇಳಿಹೋಗಿದ್ದ.

ನೀರಿಳಿದ ಮೊದಲ ವಾರ ಒಂದು ಮಧ್ಯಾಹ್ನ, ಪರಿಹಾರ ಸಮಿತಿಯವರು ಕೊಟ್ಟ ಪೊಟ್ಟಣಗಳನ್ನು ಬಿಚ್ಚಿಕೊಂಡು ನಾಲ್ಕೂ ಜನ ಊಟಕ್ಕೆ ಕೂತಿದ್ದರು. ಭಟ್ಟಿಯಮ್ಮ, ಅವಳ ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಮಗ ಸಮಿತಿಗೆ ಸೇರಿ ಅವರು ಕೊಟ್ಟ ಹಳದಿ ಮಳೆಕೋಟನ್ನು ಊಟಕ್ಕೂ ಬಿಚ್ಚದೆ ಕೂತಿದ್ದ. ಪೊಟ್ಟಣದಲ್ಲಿ ಆರಿದ ಅನ್ನ, ಬೇಯಿಸಿದ ಆಲೂಗೆಡ್ಡೆ, ಮೇಲಿನ ಬೀದಿಯ ಕೇಕಿನವನ ಬ್ರೆಡ್ಡು. ಕೇಕಿನವನ ಅಂಗಡಿ ಎತ್ತರದಲ್ಲಿತ್ತು, ಅವನದು ಕರೆಂಟಿನ ಓವನ್, ಜೊತೆಗೆ ಜನರೇಟರ್. ಊರೆಲ್ಲ ಮುಳುಗಿದ್ದಾಗ ಅವನೊಬ್ಬ ತೇಲಿದ್ದ.

ಭಟ್ಟಿಯಮ್ಮ ಒಂದು ಹೋಳನ್ನು ಎತ್ತಿ ಮುಷ್ಟಿಯಲ್ಲಿ ಹಿಂಡಿದಳು. ಅದು ಗೋಲಿಯಷ್ಟಾಯಿತು.

"ಇದೇನು ಬ್ರೆಡ್ಡೋ, ಗಾಯಕ್ಕೆ ಇಡೋ ಹತ್ತಿಯೋ?"

"ಅಮ್ಮ, ಪುಕ್ಕಟೆ ಕೊಟ್ಟಿದಾರೆ," ಎಂದ ಮಗ.

"ಪುಕ್ಕಟೆ ಕೊಟ್ರೆ ಮಣ್ಣೂ ತಿಂತೀಯಾ? ಬ್ರೆಡ್ಡು ಸುಡೋ ಮನೆಯವರು ಬ್ರೆಡ್ಡಿಗೆ ಕೈಯೊಡ್ಡೋ ಹಾಗಾಯ್ತಲ್ಲೋ. ನಿಮ್ಮಪ್ಪ ಇದ್ದಿದ್ರೆ ಈ ಕೋಟು ಹಾಕ್ಕೊಂಡ ನಿನ್ನನ್ನ ಗುರುತೂ ಹಿಡೀತಿರ್ಲಿಲ್ಲ."

"ಅಜ್ಜಿ, ನೀನು ತಿನ್ನಲ್ಲ ಅಂದ್ರೆ ಇಲ್ಲಿ ಕೊಡು," ಎಂದು ಮೊಮ್ಮಗಳು ಕೈ ಚಾಚಿ, ನಡುವೆ ಕೆಮ್ಮಿದಳು.

ಸೊಸೆ ಎಲ್ಲರಿಗೂ ನೀರು ಬಗ್ಗಿಸಿದಳು. ಅವಳು ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳಿದರೆ ತೆರಿಗೆ ಬೀಳುತ್ತದೆ ಎಂಬಂತೆ ಮಾತಾಡುವ ಹೆಂಗಸು. ಆ ದಿನ ಮಾತ್ರ ತಾನಾಗಿ ಬಾಯಿ ತೆರೆದಳು.

"ಇವಳ ಕೆಮ್ಮು ಕೇಳ್ತಿದೀರಲ್ಲ. ಗೋಡೆ ಎಲ್ಲ ಬೂಷ್ಟು. ನಮ್ಮಣ್ಣ ಬನ್ನಿ ಅಂದಿದಾನೆ. ಇದು ಒಣಗೋ ತನಕ ಅಲ್ಲಿರೋಣ."

"ಭಟ್ಟಿ?"

"ಭಟ್ಟೀನ ಯಾರು ಹೊತ್ಕೊಂಡು ಹೋಗ್ತಾರೆ ಅತ್ತೆ?"

"ಬೆಂಕಿ ಹಾಕೋರ್ಯಾರು ಅಂತ ಕೇಳಿದೆ."

"ನಾನು ಹಾಕ್ತೀನಿ. ದಿನಾ ಬೆಳಿಗ್ಗೆ ಒಂದು ಸಲ. ಅಣ್ಣನ ಮನೆಗೆ ಹೋದ್ರೂ ಬಂದು ಹಾಕ್ತೀನಿ."

"ಇಲ್ಲಿಂದ ಯಾರೂ ಎಲ್ಲಿಗೂ ಹೋಗಲ್ಲ," ಎಂದಳು ಭಟ್ಟಿಯಮ್ಮ. ಮಗ ಆಲೂಗೆಡ್ಡೆಯ ಸಿಪ್ಪೆ ಸುಲಿಯುವುದರಲ್ಲಿ ಮುಳುಗಿಹೋದ. ಅವ್ವ ಏರಿಗೆಳೆದರೆ, ಹೆಂಡತಿ ನೀರಿಗೆಳೆದರೆ, ಅವನು ಯಾವಾಗಲೂ ಸಿಪ್ಪೆ ಸುಲಿಯುತ್ತಿದ್ದ.

ಭಟ್ಟಿಯಮ್ಮನಿಗೆ ಸೊಸೆಯ 'ಒಣಗೋ ತನಕ' ಎಂಬ ಮಾತು ಕಿವಿಗೆ ಬೀಳಲಿಲ್ಲ, ಬಿದ್ದದ್ದು 'ಅಲ್ಲಿರೋಣ' ಎಂಬುದು ಮಾತ್ರ. ಭಟ್ಟಿ ಕೆಟ್ಟರೆ ಈ ಮನೆಯಲ್ಲಿ ಇರಲು ಯಾರಿಗೂ ಕಾರಣವಿರುವುದಿಲ್ಲ. ಮಗ ಕೇಕಿನವನ ಬಳಿ ಟೋಪಿ ಹಾಕಿಕೊಂಡು ಕೆಲಸಕ್ಕೆ ನಿಲ್ಲುತ್ತಾನೆ. ಸೊಸೆ ಅಣ್ಣನ ಮಗ್ಗುಲಲ್ಲಿ ಮನೆ ಹಿಡಿಯುತ್ತಾಳೆ. ತಾನು ಯಾರದೋ ಮನೆಯ ಮೂಲೆಯಲ್ಲಿ ಕೂತು, ಊಟಕ್ಕೆ ಕರೆಯುವುದನ್ನು ಕಾಯಬೇಕು. ಅದನ್ನು ನೆನೆದರೆ ಅವಳಿಗೆ ನಿಜವಾಗಿ ಭಯವಾಗುತ್ತಿತ್ತು. ಭಟ್ಟಿ ಸಾಯಲಿ ಎಂದು ಕಾಯುವವಳ ಕೈಗೇ ಬೆಂಕಿ ಹಾಕುವ ಕೆಲಸ ಕೊಡುವುದೆಂದರೆ ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗೆ. ಆದರೆ ತನಗೆ ಮಂಡಿ ನೋವು, ಮೆಟ್ಟಿಲು ಕಡಿದು, ಬೇರೆ ಯಾರೂ ಮುಂದೆ ಬರಲಿಲ್ಲ.

"ಹಾಕು," ಎಂದಳು ಬಾಯಲ್ಲಿ.

ಕೆಸರು ಬಾಚುವ ಕೆಲಸ ವಾರಗಟ್ಟಲೆ ನಡೆಯಿತು. ಮೊದಲು ಸಲಿಕೆ, ಆಮೇಲೆ ಪೊರಕೆ, ಆಮೇಲೆ ಬಟ್ಟೆ. ಎಷ್ಟು ತೊಳೆದರೂ ಗೋಡೆಯ ಬುಡದಿಂದ ಕೆಸರು ಮತ್ತೆ ಜಿನುಗುತ್ತಿತ್ತು. ಕಚೇರಿಯಿಂದ ಮೂವರು ಬಂದು ಗೋಡೆಯ ಮೇಲಿನ ಗೆರೆಗೆ ಟೇಪು ಹಿಡಿದು ಫೋಟೊ ತೆಗೆದುಕೊಂಡು ಹೋದರು. "ಗೆರೆ ಅಳೆಯೋಕೆ ಮೂರು ಜನ, ಕೆಸರು ಎತ್ತೋಕೆ ಒಬ್ಬನೂ ಇಲ್ಲ," ಎಂದು ಭಟ್ಟಿಯಮ್ಮ ಅವರ ಬೆನ್ನಿಗೆ ಕೇಳುವಂತೆಯೇ ಹೇಳಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸಮಿತಿ ದಿನಕ್ಕೊಂದು ಸಭೆ ಸೇರುತ್ತಿತ್ತು. ಹಳದಿ ಕೋಟು ತಪ್ಪದೆ ಹೋಗುತ್ತಿತ್ತು.

ಸೊಸೆ ಬೆಂಕಿ ಹಾಕಲು ಶುರುಮಾಡಿ ಕೆಲವು ದಿನಗಳಾದ ಮೇಲೆ ಭಟ್ಟಿಯಮ್ಮ ಮೆಟ್ಟಿಲ ಕಂಬಿ ಹಿಡಿದು ಕೆಳಗಿಳಿದು, ಭಟ್ಟಿಯ ಬಾಯಿಗೆ ಬಗ್ಗಿ ನೋಡಿದಳು. ಒಳಗೆ ಬೂದಿಯ ಸುಳಿವಿಲ್ಲ, ನೆಕ್ಕಿಟ್ಟ ತಟ್ಟೆಯಂತಿತ್ತು.

"ಇವತ್ತು ಬೆಂಕಿ ಹಾಕಿದ್ಯಾ?"

"ಹಾಕಿದೆ ಅತ್ತೆ."

"ಬೂದಿ ಎಲ್ಲಿ?"

"ತೆಗೆದೆ."

"ಯಾಕೆ?"

"ಇಟ್ಕೊಂಡು ಏನು ಮಾಡ್ಲಿ?"

ಸೋಪು ಸಿಗದ ಆ ದಿನಗಳಲ್ಲಿ ಅವಳು ಆ ಬೂದಿಯಲ್ಲೇ ಕೆಸರು ಹಿಡಿದ ಪಾತ್ರೆ, ಅಚ್ಚುಗಳನ್ನೆಲ್ಲ ತಿಕ್ಕುತ್ತಿದ್ದಳು. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಅವಳು ಹೇಳಲಿಲ್ಲ. ಪಾತ್ರೆ ಹೇಗೆ ಹೊಳೆಯುತ್ತಿವೆ ಎಂದು ಅತ್ತೆಯೂ ಕೇಳಲಿಲ್ಲ. ಬೆಂಕಿ ಹಾಕಿದ್ದರೆ ಬೂದಿ ಇರಬೇಕು, ಬೂದಿ ಇಲ್ಲ, ಆದ್ದರಿಂದ ಸುಳ್ಳಿ, ಎಂದು ಭಟ್ಟಿಯಮ್ಮ ತೀರ್ಪು ಕೊಟ್ಟಳು. ಬೀದಿಯವರೆಲ್ಲ ನೆನೆದ ಕಸ ಸುಡುತ್ತಿದ್ದ ದಿನಗಳವು, ಹೊಗೆಯ ವಾಸನೆ ಯಾವ ಮನೆಯದೆಂದು ಹೇಳುವಂತಿರಲಿಲ್ಲ.

ಮಾರನೆಯ ಮುಂಜಾನೆಯಿಂದ ಅವಳೇ ಇಳಿಯತೊಡಗಿದಳು. ಮಿಕ್ಕವರು ಏಳುವ ಮೊದಲೇ, ಮಂಡಿಯನ್ನು ಒಂದೊಂದಾಗಿ ಬೈಯುತ್ತ ಮೆಟ್ಟಿಲಿಳಿದು, ಒಂದು ಮಡಿಲು ಸೌದೆ ಉರಿಸಿ, ಉರಿ ತಗ್ಗಿದ ಮೇಲೆ ಬೂದಿಯನ್ನು ತಗಡಿನ ಡಬ್ಬಕ್ಕೆ ಬಾಚಿ ಹಿತ್ತಲ ಕೆಸರಿಗೆ ಸುರಿದು ಬರುತ್ತಿದ್ದಳು. ಬೂದಿ ಬಿಟ್ಟರೆ ಸೊಸೆಗೆ ಗೊತ್ತಾಗುತ್ತದೆ, ಗೊತ್ತಾದರೆ 'ನೀವೇ ಹಾಕ್ಕೊಳ್ಳಿ' ಎಂದು ಪೂರ್ತಿ ಕೈಬಿಡುತ್ತಾಳೆ. ಭಟ್ಟಿಯ ಬೆನ್ನು ಮುಟ್ಟಿದರೆ ಪ್ರತಿದಿನವೂ ಬೆಚ್ಚಗಿರುತ್ತಿತ್ತು. "ನೋಡು, ನಿನ್ನೆ ನಾನಿಟ್ಟ ಬೆಂಕಿ ಇನ್ನೂ ನಿಂತಿದೆ," ಎಂದು ಅವಳು ಹೆಮ್ಮೆಪಡುತ್ತಿದ್ದಳು. ತಿರಸ್ಕಾರ ಅಷ್ಟು ಬಲವಾಗಿದ್ದರೆ ಮನುಷ್ಯನಿಗೆ ಎಲ್ಲ ಸಾಕ್ಷಿಯೂ ತನ್ನ ಕಡೆಗೇ ನಿಂತಂತೆ ಕಾಣುತ್ತದೆ.

ಅಷ್ಟರಲ್ಲಿ ಸೌದೆ ಕರಗತೊಡಗಿತು. ಊರಲ್ಲಿ ಒಣ ಸೌದೆ ಸಿಗುತ್ತಿರಲಿಲ್ಲ. ನೀರಿಗೆ ಉಬ್ಬಿ ಸೀಳಿದ ಬೀರು, ಮುರಿದ ಬೆಂಚು, ಕಿಟಕಿಯ ಚೌಕಟ್ಟು ಇವನ್ನು ಕಡಿದು ಮೆಟ್ಟಿಲ ಕೆಳಗೆ ಒಟ್ಟಿದ್ದರು. ಅದು ದಿನದಿನಕ್ಕೆ ಕಣ್ಣಿಗೆ ಕಾಣುವಂತೆ ಇಳಿಯಿತು. ತಾನು ತೆಗೆದುಕೊಳ್ಳುವುದು ಒಂದು ಮಡಿಲು. ಅಷ್ಟಕ್ಕೆ ಇಷ್ಟು ಖಾಲಿಯಾಗುತ್ತದೆಯೇ?

"ಸೌದೆ ಕಳ್ಳತನ ಆಗ್ತಿದೆ," ಎಂದಳು ಊಟದ ಹೊತ್ತಿಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಗ ಇದ್ದಕ್ಕಿದ್ದಂತೆ ಜೋರು ದನಿಯಲ್ಲಿ, "ಹೌದಮ್ಮ, ಬೀಗ ಹಾಕ್ಬೇಕು, ಕಾಲ ಕೆಟ್ಟಿದೆ," ಎಂದ. ಮೊಮ್ಮಗಳು ತಟ್ಟೆಯೊಳಗೆ ಏನೋ ಹುಡುಕತೊಡಗಿದಳು.

"ನಾನು ದಿನಕ್ಕೆ ಒಂದು ಮಡಿಲು ತಗೋತೀನಿ, ಅಷ್ಟೇ," ಎಂದಳು ಸೊಸೆ.

"ನಿನ್ನನ್ನ ಯಾರಮ್ಮ ಕೇಳಿದ್ರು?" ಎಂದಳು ಭಟ್ಟಿಯಮ್ಮ. ಬೆಂಕಿಯನ್ನೇ ಹಾಕದವಳು ಸೌದೆ ಏನು ಮಾಡಿಯಾಳು ಎಂಬುದು ಅವಳ ಲೆಕ್ಕ.

ಮಾರನೆಯ ದಿನ ಎದುರುಮನೆಯ ದರ್ಜಿ ಹಲಗೆಯೊಂದನ್ನು ಹೆಗಲ ಮೇಲೆ ಹೊತ್ತು ತನ್ನ ಗೇಟು ದಾಟುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಬಾಲ್ಕನಿಯ ಕಂಬಿಗೆ ಹೊಟ್ಟೆ ಒತ್ತಿ ನಿಂತು ಕೂಗಿದಳು.

"ಏನ್ರೀ ದರ್ಜಿಗಳೇ, ಮಿಷನ್ನು ನೀರಲ್ಲಿ ಹೋದ ಮೇಲೆ ಹೊಸ ಕಸುಬು ಹಿಡಿದ ಹಾಗಿದೆ?"

"ಯಾವ ಕಸುಬಮ್ಮ?"

"ನಮ್ಮ ಸೌದೆಗೆ ಕಾಲು ಬಂದಿದೆ. ರಸ್ತೆ ದಾಟಿ ನಿಮ್ಮನೆ ಕಡೆ ನಡೀತಿದೆ."

ದರ್ಜಿ ನಿಂತ. ಬೀದಿಯಲ್ಲಿ ಕೆಸರು ಬಾಚುತ್ತಿದ್ದವರೂ ನಿಂತರು.

"ಇದು ನಮ್ಮ ಮಂಚದ ಹಲಗೆ. ಇಷ್ಟು ವರ್ಷ ಮಲಗಿದ ಹಲಗೆ ನನಗೆ ಗೊತ್ತಾಗಲ್ವಾ?"

"ಮಲಗಿದ್ದು ನಿಜ ಬಿಡಿ. ಹೊಲಿಯೋಕೆ ಕೊಟ್ಟ ಬಟ್ಟೆ ವರ್ಷಗಟ್ಟಲೆ ಬರ್ತಿರ್ಲಿಲ್ಲವಲ್ಲ, ಆಗಲೇ ಗೊತ್ತಾಗಿತ್ತು."

ಯಾರೋ ನಕ್ಕರು. ದರ್ಜಿ ನಗಲಿಲ್ಲ. ಹಲಗೆ ಇಳಿಸಿ ಒಳಗೆ ಹೋಗಿ, ಹಿಟ್ಟು ನಾದುವ ತೊಟ್ಟಿಯನ್ನು ದರದರ ಎಳೆದು ತಂದ. ನೀರಿಳಿದ ದಿನದಿಂದ ಅವನು ಅದನ್ನು ತನ್ನ ವರಾಂಡದಲ್ಲಿ ಇರಿಸಿಕೊಂಡು, ತೊಳೆದು, ನೆರಳಲ್ಲಿ ಒಣಗಿಸಿದ್ದ. ಬಿಸಿಲಲ್ಲಿಟ್ಟರೆ ಮರ ಸೀಳುತ್ತದೆ ಎಂಬ ಕಾಳಜಿ ಬೇರೆ. ಅದನ್ನು ರಸ್ತೆಯ ನಡುವೆ ತಂದು ಬಿಟ್ಟ.

"ತಗೊಳ್ಳಿ. ಇದನ್ನೂ ಕದ್ದೆ ಅಂತೀರ. ತಾ ಕಳ್ಳ ಪರರ ನಂಬ ಅಂತ ಸುಮ್ನೆ ಹೇಳಿಲ್ಲ ದೊಡ್ಡವರು."

"ಯಾರೋ ಕಳ್ಳ?" ಎಂದು ಭಟ್ಟಿಯಮ್ಮ ಕೂಗುವಷ್ಟರಲ್ಲಿ ಅವನ ಬಾಗಿಲು ಮುಚ್ಚಿತ್ತು. ತೊಟ್ಟಿಯನ್ನು ಸೊಸೆ ಮತ್ತು ಮೊಮ್ಮಗಳು ಒಳಗೆ ಎಳೆದುಕೊಂಡರು.

"ಅತ್ತೆ, ಅವರು ಒಳ್ಳೆಯವರು," ಎಂದಳು ಸೊಸೆ.

"ನಿನಗೆ ಈ ಮನೆಯವರನ್ನ ಬಿಟ್ಟು ಊರೆಲ್ಲ ಒಳ್ಳೆಯವರೇ."

ಸೊಸೆ ಬಕೆಟ್ಟು ಎತ್ತಿಕೊಂಡು ಹೋದಳು.

ಕೆಳಗಿನ ಗೋಡೆ ಒಣಗಿ ಅಲ್ಲಲ್ಲಿ ಬೆಳ್ಳಗಾಗತೊಡಗಿದಾಗ ಮನೆಯಲ್ಲಿ ಸ್ವಲ್ಪ ಜೀವ ಬಂತು. ಹೊಸ ಹಿಟ್ಟು ಬಂತು. ಇನ್ನೊಂದು ವಾರದಲ್ಲಿ ಮೊದಲ ಬ್ರೆಡ್ಡು ಹಾಕಬಹುದೆಂದು ಮಾತಾಯಿತು. ಸಮಿತಿಯವರು ಕೇಕಿನವನನ್ನು ಬಿಟ್ಟು ತನ್ನಿಂದಲೇ ಕೊಳ್ಳುವಂತೆ ಮಾಡುತ್ತೇನೆಂದು ಹಳದಿ ಕೋಟು ಎದೆಯುಬ್ಬಿಸಿತು. ಭಟ್ಟಿಯಮ್ಮ ಮುಂಜಾನೆಯ ಬೆಂಕಿಗೆ ಎರಡು ತುಂಡು ಹೆಚ್ಚಿಗೆ ಇಟ್ಟಳು. ಒಂದೇ ಬೆಂಕಿ ತಾನೇ, ಎರಡು ತುಂಡಿಗೆ ಏನಾದೀತು?

ಆದದ್ದು ಊಟದ ಹೊತ್ತಿಗೆ. ಸೊಸೆ ಅನ್ನ ಬಡಿಸುತ್ತಿದ್ದಳು. ಕೆಳಗಿನಿಂದ ಢಮ್ಮೆಂದು ಒಂದು ಸದ್ದು, ಹಿಂದೆಯೇ ಇಟ್ಟಿಗೆಗಳು ಉದುರುವ ಸದ್ದು. ಸೌಟು ಕೈಯಲ್ಲಿದ್ದಂತೆಯೇ ಸೊಸೆ ಓಡಿದಳು. ಭಟ್ಟಿಯಮ್ಮ ಕಂಬಿಯನ್ನೂ ಹಿಡಿಯದೆ ಇಳಿದಳು.

ಧೂಳು ಅಡಗುವವರೆಗೆ ಏನೂ ಕಾಣಲಿಲ್ಲ. ಕಂಡ ಮೇಲೆ ನೋಡಲಾಗಲಿಲ್ಲ. ಕಮಾನಿನ ಮುಂಭಾಗ ಕುಸಿದು ಭಟ್ಟಿಯ ಬಾಯಲ್ಲೇ ರಾಶಿ ಬಿದ್ದಿತ್ತು. ಒಡೆದ ಇಟ್ಟಿಗೆಗಳ ಹೊಟ್ಟೆಯಿಂದ ಇನ್ನೂ ಆವಿ ಏಳುತ್ತಿತ್ತು. ದುಃಖ ಬಂದರೆ ಬೈಯುವುದೊಂದೇ ಭಟ್ಟಿಯಮ್ಮನಿಗೆ ಗೊತ್ತಿದ್ದ ದಾರಿ.

"ಕೊಂದ್ಯಲ್ಲೇ! ಬೆಂಕಿ ಹಾಕದೆ ಹಾಕದೆ ಕೊನೆಗೂ ಕೊಂದ್ಯಲ್ಲ! ಇನ್ನು ನಿಮ್ಮಣ್ಣನ ಮನೆಗೆ ದಾರಿ ಸಲೀಸಾಯ್ತು!"

"ಅಜ್ಜಿ," ಎಂದಳು ಮೊಮ್ಮಗಳು, "ಬೆಂಕಿ ಹಾಕದೆ ಇದ್ರೆ ಭಟ್ಟಿ ಸಿಡಿಯುತ್ತಾ?"

ಸೊಸೆ ಬಿದ್ದ ಇಟ್ಟಿಗೆಯೊಂದನ್ನು ಸೆರಗಲ್ಲಿ ಹಿಡಿದು ಎತ್ತಿ, ತಕ್ಷಣ ಕೈಬಿಟ್ಟಳು. "ಇಷ್ಟು ಕಾವು ಒಂದು ಮಡಿಲು ಸೌದೆಯಿಂದ ಬರಲ್ಲ," ಎಂದು ನಿಧಾನವಾಗಿ ಹೇಳಿ, ಗಂಡನ ಕಡೆ ತಿರುಗಿದಳು. "ಏನ್ರೀ?"

"ನಾನು... ಸಂಜೆ ಸಮಿತಿಯಿಂದ ಬಂದಾಗ... ಒಂದೊಂದು ಸಲ..."

"ಒಂದೊಂದು ಸಲ ಅಂದ್ರೆ?"

"ದಿನಾ," ಎಂದ ಹಳದಿ ಕೋಟು. "ಬೂದಿ ಕಾಣ್ತಿರ್ಲಿಲ್ಲ. ನಿನಗೆ ಕೆಲಸದ ನಡುವೆ ಆಗ್ತಿಲ್ಲವೇನೋ ಅಂತ. ನಿನಗೆ ಬೇಜಾರಾಗಬಾರದು ಅಂತ ಬೂದಿ ಗುಡಿಸಿಬಿಡ್ತಿದ್ದೆ."

"ಪುಟ್ಟಿ?" ಎಂದು ಸೊಸೆ ಮಗಳ ಕಡೆ ತಿರುಗಿದಳು.

"ಅಪ್ಪ ಹಾಕ್ತಾರೆ ಅಂತ ಯಾರಿಗೆ ನಂಬಿಕೆ ಇದೆ? ಅಮ್ಮಂಗೆ ಪುರುಸೊತ್ತಿಲ್ಲ. ಅದಕ್ಕೇ ಮಧ್ಯಾಹ್ನ ನೀವೆಲ್ಲ ಅಡ್ಡಾದಾಗ ನಾನು ಹಾಕಿ, ಬೂದಿ ಚೆಲ್ಲಿ..."

"ಕೆಮ್ಮಿಟ್ಕೊಂಡು ಹೊಗೆ ಮುಂದೆ ಕೂತಿದ್ಯಾ?" ಎಂದ ಸೊಸೆ, ಉತ್ತರಕ್ಕೆ ಕಾಯದೆ ಅತ್ತೆಯತ್ತ ನೋಡಿದಳು. ಎಲ್ಲರೂ ನೋಡಿದರು.

ಭಟ್ಟಿಯಮ್ಮ ಬಿದ್ದ ಇಟ್ಟಿಗೆಗಳನ್ನು ನೋಡುತ್ತ, "ಮುಂಜಾನೆ," ಎಂದಳು.

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ನಾಲ್ಕು ಜನ ಸೇರಿ ಹಾಲು ಕೊಡುವ ಹಸುವನ್ನೇ ಕೊಂದಿದ್ದರು. ಸೋಮಾರಿತನದಿಂದ ಮನೆ ಹಾಳಾದದ್ದು ಬೀದಿಗೆ ಹೊಸದಲ್ಲ, ಒಬ್ಬರು ಇನ್ನೊಬ್ಬರನ್ನು ಸೋಮಾರಿ ಎಂದುಕೊಂಡು ದುಡಿದು ದುಡಿದು ಹಾಳಾದ ಮನೆ ಇದೊಂದೇ ಇರಬೇಕು.

ಸೊಸೆ ಹೊಸ ಹಿಟ್ಟಿನ ಮೂಟೆಯ ಮೇಲೆ ಕೂತು ನಕ್ಕಳು. ಆ ನಗು ಯಾರಿಗೂ ಇಷ್ಟವಾಗಲಿಲ್ಲ.

"ಒಬ್ಬರಾದ್ರೂ ನನ್ನನ್ನ ಕೇಳಿದ್ರಾ?" ಎಂದಳು. "ಕೇಳಿದ್ರಿ ಅತ್ತೆ, ನೀವು ಕೇಳಿದ್ರಿ. ಹಾಕಿದೆ ಅಂದೆ. ನಂಬಲಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ನನ್ನ ಮಾತಿಗಿಂತ ಬೂದಿ ಮಾತು ದೊಡ್ಡದಾಯ್ತು."

ಅವಳು ಮಹಡಿಗೆ ಹೋಗಿ ಬಟ್ಟೆ ಕಟ್ಟಿದಳು. ಸಂಜೆಯೊಳಗೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೊರಟಳು. ಹೊರಡುವಾಗ ಹೇಳಿದ್ದು ಇಷ್ಟೇ: "ಕಮಾನು ಮತ್ತೆ ಕಟ್ಟಿದ್ರೆ ಮತ್ತೆ ಒಣಗಿಸಬೇಕು. ಬೆಂಕಿ ಒಂದೇ ಕೈಯಿಂದ ಆಗ್ಬೇಕು. ಯಾರ ಕೈ ಅಂತ ನೀವೇ ತೀರ್ಮಾನ ಮಾಡಿ. ನನ್ನದಲ್ಲ ಅಂದ್ರೆ ಒಳ್ಳೆಯದೇ ಆಯ್ತು, ಅಲ್ಲೇ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ."

ಬಾಗಿಲಲ್ಲಿ ದರ್ಜಿ ಇಣುಕಿದ.

"ಮಧ್ಯಾಹ್ನ ಸದ್ದು ಕೇಳಿಸ್ತು. ಸೌದೆ ಕಳ್ಳ ಸಿಕ್ಕಿದ್ನಾ ಅಂತ ನೋಡೋಕೆ ಬಂದೆ."

"ಸಿಕ್ಕಿದ," ಎಂದಳು ಭಟ್ಟಿಯಮ್ಮ. "ಒಬ್ಬನಲ್ಲ, ಮನೆ ತುಂಬ ಇದ್ರು." ಅವನು ಹೋಗಲು ತಿರುಗಿದಾಗ, "ತೊಟ್ಟಿ ಚೆನ್ನಾಗಿ ಒಣಗಿಸಿದೀರ," ಎಂದಳು. ಅವಳ ಬಾಯಿಂದ ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ಈವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಗಾರೆಯವನು ಬಂದು ನೋಡಿ, ಹಿಂಭಾಗವೂ ತಳವೂ ಗಟ್ಟಿಯಾಗಿವೆ, ಮುಂದಿನ ಕಮಾನು ಕಟ್ಟಿದರೆ ಸಾಕು ಎಂದ. ಅವನು ಕಟ್ಟುವಷ್ಟು ದಿನ ತಾಯಿ ಮಗ ಇಬ್ಬರೇ ಮನೆಯಲ್ಲಿ. ಭಟ್ಟಿಯಮ್ಮ ಅಡುಗೆ ಮಾಡಿದಳು. ಅನ್ನ ಒಂದು ದಿನ ಗಂಜಿ, ಇನ್ನೊಂದು ದಿನ ಅಕ್ಕಿ.

"ಹೋಗಿ ಕರ್ಕೊಂಡು ಬಾರೋ," ಎಂದಳು ಒಂದು ಮಧ್ಯಾಹ್ನ.

"ಹೋಗಿದ್ದೆ ಅಮ್ಮ. ನಿಮ್ಮಮ್ಮನ ತೀರ್ಮಾನ ಏನು ಅಂತ ಕೇಳಿದ್ಲು."

"ನೀನೇನು ಹೇಳ್ದೆ?"

"ನಾನೇನು ಹೇಳ್ಲಿ? ಸಮಿತಿ ಸಭೆ ಇದೆ ಅಂತ ಬಂದೆ."

"ಆ ಕೋಟನ್ನ ಮೊದಲು ಬಿಚ್ಚೋ! ಸೆಖೆಗಾಲ ಬಂತು, ಇನ್ನೂ ಮಳೆಕೋಟು ಹಾಕ್ಕೊಂಡು ತಿರುಗ್ತಾನೆ ಭಂಡ."

ಕಮಾನಿನ ಕೊನೆಯ ಇಟ್ಟಿಗೆ ಕೂತ ದಿನ ಅವಳು ಸೀರೆ ಬದಲಿಸಿ, ಅಡುಗೆಮನೆಯ ಬೆಂಕಿಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು, ಏರು ರಸ್ತೆ ಹಿಡಿದಳು. ಮಂಡಿ ಹೆಜ್ಜೆಹೆಜ್ಜೆಗೂ ಜಗಳ ಆಡಿತು. ಕೇಕಿನವನ ಅಂಗಡಿ ಮುಂದೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು, ಅದೇ ದೊಡ್ಡ ಅವಮಾನ. ಅವನು ಒಳಗಿನಿಂದ, "ಕೂತ್ಕೊಳ್ಳಿ ಅಮ್ಮ, ಒಂದು ಬನ್ನು ತಿನ್ನಿ," ಎಂದ. "ಹಲ್ಲು ಇನ್ನೂ ಇದಾವಪ್ಪ, ಮೆತ್ತಗಿರೋದು ಬೇಡ," ಎಂದು ನಡೆದಳು.

ಸೊಸೆಯ ಅಣ್ಣನ ಮನೆಯ ಗೋಡೆಗಳು ಒಣಗಿ ಗರಿಗರಿಯಾಗಿದ್ದವು. ಮೊಮ್ಮಗಳು ಓಡಿಬಂದಳು. ಅವಳು ಕೆಮ್ಮುತ್ತಿರಲಿಲ್ಲ. ಭಟ್ಟಿಯಮ್ಮ ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ನಾಚಿಕೆಯೂ ಆಯಿತು. ಕೊಟ್ಟ ಕುರ್ಚಿಯ ಅಂಚಿನಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ಹಿಡಿ."

ಸೊಸೆ ಅದನ್ನು ಮುಟ್ಟಲಿಲ್ಲ. "ಒಂದೇ ಕೈ, ಅತ್ತೆ."

"ಒಂದೇ ಕೈ."

"ಬೂದಿ ನೋಡೋಕೆ ಬರಬಾರದು."

ಭಟ್ಟಿಯಮ್ಮ ಗೋಡೆ ನೋಡಿದಳು, ಕಿಟಕಿ ನೋಡಿದಳು. "ಬರಲ್ಲ."

"ಗೋಡೆ ಒಣಗೋ ತನಕ ಪುಟ್ಟಿ ರಾತ್ರಿ ಇಲ್ಲಿ ಮಲಗ್ತಾಳೆ."

"ಮಲಗಲಿ. ನಾನು ಬೇಡ ಅಂದ್ನಾ?"

"ಅಂದ್ರಿ."

"ಅಂದೆ. ಈಗ ಅನ್ನಲ್ಲ. ಇನ್ನೇನು, ಕಾಲಿಗೆ ಬೀಳ್ಲಾ? ಬಿದ್ರೆ ಏಳೋಕಾಗಲ್ಲ, ನೀನೇ ಎತ್ತಬೇಕು."

ಸೊಸೆ ಬೆಂಕಿಪೊಟ್ಟಣ ತೆಗೆದುಕೊಂಡಳು.

ಹಾಗೆ ಒಂದೊಂದೇ ಬೆಂಕಿ ಮತ್ತೆ ಶುರುವಾಯಿತು. ಬೆಳಕು ಹರಿಯುತ್ತಿದ್ದಂತೆ ಸೊಸೆ ಇಳಿಯುತ್ತಿದ್ದಳು, ಹೊಗೆಯ ವಾಸನೆ ಮಹಡಿಗೆ ಬರುತ್ತಿತ್ತು, ಭಟ್ಟಿಯಮ್ಮ ಹಾಸಿಗೆಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಕೆಳಗಿಳಿದು ಬಗ್ಗಿ ನೋಡದೆ ಇರುವುದು ಏರು ರಸ್ತೆಗಿಂತ ಕಷ್ಟವಾಗಿತ್ತು. ವಾರಗಳು ಕಳೆದು, ಗೋಡೆ ಪೂರ್ತಿ ಬೆಳ್ಳಗಾಗಿ, ಮೊಮ್ಮಗಳೂ ಮನೆಗೆ ಬಂದಳು.

ಒಂದು ಬೆಳಿಗ್ಗೆ ಹೊಗೆ ಬರಲಿಲ್ಲ. ಬೆಳಕು ಹರಿದು ಕಿಟಕಿಯ ಚೌಕಟ್ಟು ದಾಟಿತು, ಆಗಲೂ ಬರಲಿಲ್ಲ. ಭಟ್ಟಿಯಮ್ಮ ಎದ್ದು ಮೆಟ್ಟಿಲ ತಲೆಗೆ ಬಂದಳು. ನಡುವಿನ ಮೆಟ್ಟಿಲಲ್ಲಿ ಮಗ ಕೂತಿದ್ದ. ಅವನಿಗಿಂತ ಕೆಳಗೆ, ಹೊದಿಕೆ ಸುತ್ತಿಕೊಂಡು, ಮೊಮ್ಮಗಳು. ಅಲ್ಲಿಂದ ಭಟ್ಟಿಯ ಬಾಯಿ ಕಾಣುತ್ತಿತ್ತು, ಕಪ್ಪಗೆ, ತಣ್ಣಗೆ. ಪಕ್ಕದಲ್ಲಿ ಸೊಸೆ ಹಿಂದಿನ ದಿನವೇ ಒಡೆದಿಟ್ಟ ಸೌದೆ.

"ನೀವ್ಯಾಕೆ ಇಲ್ಲಿ?"

"ಸುಮ್ನೆ. ಗಾಳಿಗೆ," ಎಂದ ಮಗ.

"ಮೆಟ್ಟಿಲಲ್ಲಿ ಯಾವ ಗಾಳಿಯೋ?" ಎಂದು ಅವಳೂ ಮೇಲಿನ ಮೆಟ್ಟಿಲಲ್ಲಿ ಕೂತಳು.

"ಅಮ್ಮ ಇನ್ನೂ ಎದ್ದಿಲ್ಲ," ಎಂದು ಮೊಮ್ಮಗಳು ಪಿಸುಗುಟ್ಟಿದಳು.

"ನಾನೇ ಹೋಗಿ ಒಂದು ಕಡ್ಡಿ..." ಎಂದು ಮಗ ಏಳಲು ಹೊರಟ.

"ಕೂತ್ಕೋ."

"ಒಂದೇ ಒಂದು ಅಮ್ಮ..."

"ಕೂತ್ಕೊಳ್ಳೋ ಅಂದೆ!"

ಹಿಂದೆ ಬಾಗಿಲು ಸದ್ದಾಯಿತು. ಸೊಸೆ ಬಂದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು, ಬೆಂಕಿಪೊಟ್ಟಣ ಹಿಡಿದ ಕೈಯಿಂದಲೇ ಆಕಳಿಕೆ ಮುಚ್ಚುತ್ತಿದ್ದಳು. ಅನುಮಾನವೇ ಇಲ್ಲ, ಮೈಮರೆತು ಮಲಗಿಬಿಟ್ಟಿದ್ದಳು. ಮೆಟ್ಟಿಲ ಮೇಲೆ ಸಾಲಾಗಿ ಕೂತ ಮೂವರನ್ನು ಕಂಡು ನಿಂತಳು.

"ಏನು?"

ಭಟ್ಟಿಯಮ್ಮನ ನಾಲಿಗೆಯ ತುದಿಗೆ ಒಂದು ಮೂಟೆ ಮಾತು ಬಂದು ಕೂತಿತ್ತು. ಸೋಮಾರಿ, ಮೈಗಳ್ಳಿ, ನಾನು ಅವತ್ತೇ ಅಂದಿದ್ದೆ, ಅಣ್ಣನ ಮನೆಯ ಅಭ್ಯಾಸ. ಇಷ್ಟು ದಿನ ಸುಳ್ಳಾಗಿದ್ದದ್ದು ಇವತ್ತು ನಿಜವಾಗಿ ಕಣ್ಣ ಮುಂದೆ ಆಕಳಿಸುತ್ತಿತ್ತು. ಅವಳು ಮಾತನ್ನೆಲ್ಲ ನುಂಗಿದಳು. ಕೇಕಿನವನ ಬ್ರೆಡ್ಡನ್ನು ನುಂಗುವುದೇ ಇದಕ್ಕಿಂತ ಸುಲಭವಾಗಿತ್ತು.

"ಏನಿಲ್ಲ," ಎಂದು ಕಾಲು ಮಡಚಿ ದಾರಿ ಬಿಟ್ಟಳು. ಆದರೂ ಒಂದು ಉಳಿಯಿತು, ಅದು ಒಳಗೆ ಹೋಗಲು ಒಪ್ಪಲಿಲ್ಲ. "ತಲೆಯಾದ್ರೂ ಬಾಚ್ಕೊಂಡು ಹೋಗೇ. ಭಟ್ಟಿ ಹೆದರ್ಕೊಂಡೀತು."

"ನಿಮ್ಮನ್ನ ನೋಡಿ ಹೆದರದ ಭಟ್ಟಿ ಅತ್ತೆ ಅದು," ಎಂದು ಸೊಸೆ ಅವರನ್ನು ಒಬ್ಬೊಬ್ಬರನ್ನೇ ದಾಟಿಕೊಂಡು ಇಳಿದುಹೋದಳು.

ಕೆಳಗೆ ಕಡ್ಡಿ ಗೀಚಿದ ಸದ್ದಾಯಿತು. ಹತ್ತಲಿಲ್ಲ. ಇನ್ನೊಂದು ಸಲ ಗೀಚಿದಳು. ಮೆಟ್ಟಿಲ ಮೇಲಿನ ಮೂವರೂ ತಮ್ಮ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೇ ಇದ್ದರು.